ಬ್ರೇಕು ಮತ್ತು ಟಕಟಕ ಸದ್ದು

ತುಂಬು ಗರ್ಭಿಣಿಯೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಜೀಪು ಘಾಟಿ ಇಳಿಯುವಾಗ ಅಡಿಯಿಂದ ಟಕಟಕ ಸದ್ದು ಶುರುವಾಯಿತು.

"ಇದು ಬ್ರೇಕಿನದೇ ಕೆಲಸ. ಇವನನ್ನು ನಂಬಿ ಕೆಟ್ಟೆವು," ಎಂದಿತು ಎಂಜಿನ್.

ಬ್ರೇಕು, "ಇರಬಹುದು. ದೋಷ ನನ್ನದಾದರೆ ನಾನು ಹಿಡಿದಾಗ ಸದ್ದು ಜೋರಾಗಬೇಕು. ನೋಡೋಣ," ಎಂದಿತು.

ತಿರುವಿನಲ್ಲಿ ಚಾಲಕ ಪೆಡಲ್ ಒತ್ತಿದಾಗ ಬ್ರೇಕು ಹಿಡಿಯಿತು. ಸದ್ದು ಜೋರಾಗಲಿಲ್ಲ, ಚಕ್ರದ ಜೊತೆಗೇ ನಿಧಾನವಾಯಿತು.

"ಚಕ್ರವೇ, ನಿನಗೇನಾದರೂ ಗೊತ್ತೇ?" ಎಂದು ಬ್ರೇಕು ಕೇಳಿತು.

"ನನ್ನ ಟೈರಿನ ಸಂದಿಯಲ್ಲಿ ಕಲ್ಲೊಂದು ಸಿಕ್ಕಿಕೊಂಡಿದೆ ಅಣ್ಣ. ಎಂಜಿನ್ ನಿನ್ನನ್ನು ಬೈಯುವುದು ಕೇಳಿ, ಬಾಯಿ ಬಿಡಲು ಹೆದರಿದೆ."

ಚಾಲಕ ಜೀಪು ನಿಲ್ಲಿಸಿ, ಇಳಿದು ನೋಡಿ, ಕಲ್ಲನ್ನು ಕಿತ್ತೆಸೆದ.

"ಬರೀ ಕಲ್ಲು ತಾನೇ, ಹೋಯಿತು ಬಿಡು," ಎಂದು ಚಕ್ರಕ್ಕೆ ಹೇಳಿದ ಬ್ರೇಕು, ಹಗುರಾದ ಮನಸ್ಸಿನಿಂದ ಜೀಪನ್ನು ಆಸ್ಪತ್ರೆಯ ಬಾಗಿಲಲ್ಲಿ ಮೆತ್ತಗೆ ನಿಲ್ಲಿಸಿತು.