ಬೊಂಬೆಯ ಬಾಯಿ ಮುಚ್ಚಿಸಿದವರು

"ಕೇಳಿರಪ್ಪಾ ಕೇಳಿ! ಯುವರಾಜರ ವಿಮಾನ ಇನ್ನೊಂದಕ್ಕೆ ಬಡಿದು ಬಿದ್ದಾಗ ಎಚ್ಚರಿಸದೆ ಸುಮ್ಮನಿದ್ದ ಬೊಂಬೆಯನ್ನು ಮಾಡಿದವಳು ದೇವೀರಿ. ಅವಳಿಗೆ ಹುಣ್ಣಿಮೆಯಂದು ಶೂಲ! ದೊರೆಯ ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಪಡೆಯಬಹುದು. ತಪ್ಪಿದವರ ತಲೆ ಉಳಿಯದು!"

ಗಗನದುರ್ಗದಲ್ಲಿ ಹೀಗೆ ಡಂಗುರ ಹೊಡೆದಾಗ, ವಿಮಾನ ಇಳಿಯುವ ಬಯಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೊಂಬಯ್ಯ ಕುಡುಗೋಲು ಕೆಳಗಿಟ್ಟ. ದೇವೀರಿ ಅವನ ಒಡಹುಟ್ಟಿದ ಅಕ್ಕ. ಆ ರಾಜ್ಯದ ಪ್ರತಿ ವಿಮಾನದಲ್ಲೂ ಅವಳು ಮಾಡಿದ ಮರದ ಬೊಂಬೆ ಇರುತ್ತಿತ್ತು. ಎರಡು ವಿಮಾನ ಎದುರಾದರೆ ಬೊಂಬೆಗಳೇ ಮಾತಾಡಿಕೊಂಡು, ಒಂದು 'ಏರು' ಎಂದರೆ ಇನ್ನೊಂದು 'ಇಳಿ' ಎನ್ನುತ್ತಿತ್ತು.

ಹೊಂಬಯ್ಯ ಆಸ್ಥಾನಕ್ಕೆ ಬರುವಷ್ಟರಲ್ಲಿ ಒಗಟು ತಪ್ಪಿದ ಒಂಬತ್ತು ಜನರ ಕತೆ ಮುಗಿದಿತ್ತು. ದೊರೆ ಮೊದಲ ಒಗಟು ಹೇಳಿದ. "ಹದಿನೇಳು ತಾಳೆಮರದ ಎತ್ತರಕ್ಕಿಂತ ಕೆಳಗೆ ಬೊಂಬೆ 'ಇಳಿ' ಎನ್ನುವುದಿಲ್ಲ. ಏಕೆ?"

ಆಸ್ಥಾನದ ಜೋಯಿಸ ಶನಿಯ ದೃಷ್ಟಿ ಎಂದ. ಸೇನಾಪತಿಯ ಮಗ ಮರಕ್ಕೆ ಮರೆವು ಬಂದಿದೆ ಎಂದ. ಇಬ್ಬರನ್ನೂ ಎಳೆದೊಯ್ದರು. ಪಾಪ, ಒಂದು ದಿನ ಬಯಲಿಗೆ ಬಂದು ನಿಂತಿದ್ದರೆ ತಲೆ ಉಳಿಯುತ್ತಿತ್ತು. ದೊಡ್ಡವರಿಗೆ ಅಷ್ಟು ಪುರಸೊತ್ತು ಎಲ್ಲಿ?

ಹೊಂಬಯ್ಯ ಕೈಮುಗಿದ. "ಅಲ್ಲಿ ಕೆಳಗೆ ನೆಲ ಐತೆ ಬುದ್ಧಿ. ಡಿಕ್ಕಿ ತಪ್ಪಿಸೋಕೆ ಹೋಗಿ ನೆಲಕ್ಕೆ ಬಡಿಸಬಾರದಲ್ಲ."

ದೊರೆ ಎರಡನೆಯ ಒಗಟು ಹಾಕಿದ. ಹದಿನೈದು ಮರದ ಎತ್ತರಕ್ಕಿಂತ ಕೆಳಗೆ ಬೊಂಬೆ 'ಏರು' ಎಂದು ಕೂಡ ಹೇಳದು, 'ಅಗೋ ವಿಮಾನ' ಎಂದಷ್ಟೇ ಕೂಗುತ್ತದೆ. ಎಂಟು ಮರದ ಕೆಳಗೆ ಅದೂ ಇಲ್ಲ. ಇಂಥ ಕಾವಲುಗಾರ ನಂಬಿಗಸ್ತನೋ ದ್ರೋಹಿಯೋ ಎಂದು ಕೇಳಿದ. ನಂಬಿಗಸ್ತನೇ ಎಂದ ಹೊಂಬಯ್ಯ. ಬಯಲಲ್ಲಿ ನಿಂತ ವಿಮಾನಕ್ಕೆಲ್ಲ ಬೊಂಬೆ ಕೂಗುತ್ತಾ ಕೂತರೆ ಇಳಿಸುವವನ ಕೈ ನಡುಗುತ್ತದೆ, ಆ ಹೊತ್ತಿನಲ್ಲಿ ಅವನ ಕಣ್ಣೇ ಅವನಿಗೆ ಕಾವಲು ಎಂದು ಬಿಡಿಸಿ ಹೇಳಿದ.

ದೊರೆ ಸಿಂಹಾಸನದಿಂದ ಇಳಿದು ಬಂದು ಅವನ ಎದುರೇ ನಿಂತ. "ಅಂದು ನನ್ನ ಮಗನ ಬೊಂಬೆ ಮೊದಲು ಮಾತಾಡಿತ್ತು. ಆಮೇಲೆ ಬಾಯಿ ಮುಚ್ಚಿತು. ಮುಚ್ಚಿಸಿದವರು ಯಾರು?"

ಹೊಂಬಯ್ಯನಿಗೆ ಉತ್ತರ ಗೊತ್ತಿತ್ತು. ಅಂದು ನಡೆದದ್ದನ್ನು ಊರೇ ನೋಡಿತ್ತು. ಆಡುವ ಬಾಯಿ ಮಾತ್ರ ಇರಲಿಲ್ಲ. ಹೇಳಿದರೆ ತನ್ನ ತಲೆ ಹೋದೀತು, ಹೇಳದಿದ್ದರೆ ಅಕ್ಕನಿಗೆ ಶೂಲ.

"ನೀವೇ ಬುದ್ಧಿ," ಎಂದ. "ಇಪ್ಪತ್ತು ಮರದ ಎತ್ತರದಲ್ಲಿ ಬೊಂಬೆ 'ಏರು' ಅಂತು. ಯುವರಾಜರು ಏರ್ತಾನೂ ಇದ್ರು. ಅಷ್ಟರಲ್ಲಿ ನೆಲ ಮುಟ್ಟೋ ಮುಹೂರ್ತ ಮೀರ್ತದೆ ಅಂತ ನೀವು ಗೋಪುರದಿಂದ ಇಳಿಯೋ ಬಾವುಟ ಬೀಸಿದ್ರಿ. ಅವರು ಇಳಿದ್ರು. ಆ ಕಡೆಯವನು ತನ್ನ ಬೊಂಬೆ ಮಾತು ಕೇಳಿ ಮೊದಲೇ ಇಳೀತಿದ್ದ. ಇಬ್ಬರೂ ಹದಿನೈದು ಮರ ದಾಟಿ ಎಂಟಕ್ಕಿಂತಲೂ ಕೆಳಗೆ ಬಂದ್ರು. ಅಲ್ಲಿ ಬಾಯಿ ತೆರೆಯೋಕೇ ಬೊಂಬೆಗೆ ಅಪ್ಪಣೆ ಇಲ್ಲ."

ದೊರೆಯ ಕೈ ಕತ್ತಿಯ ಹಿಡಿಯ ಮೇಲಿತ್ತು. ಆಮೇಲೆ ಅವನು ಕೈ ತೆಗೆದ.

"ನನಗೆ ಅಂದೇ ಗೊತ್ತಿತ್ತು," ಎಂದ. "ಬೇರೆ ಯಾರ ತಪ್ಪಾದರೂ ಸಿಕ್ಕೀತೇ ಎಂದು ಹನ್ನೊಂದು ತಲೆ ತೆಗೆಸಿದೆ. ಏನು ಬೇಕೋ ಕೇಳು."

ಹೊಂಬಯ್ಯ ಅಕ್ಕನ ಬಿಡುಗಡೆ ಕೇಳಿದ. ಬೊಂಬೆ ಮಾತಾಡಿದ ಮೇಲೆ ಯಾರೂ ಬಾವುಟ ಬೀಸಬಾರದು ಎಂದೂ ಬೇಡಿದ. ಎರಡೂ ಸಿಕ್ಕವು.

ಸೆರೆಯಿಂದ ಬಂದ ದೇವೀರಿ ತಮ್ಮನ ಕೈಹಿಡಿದು ಹೊರಟಾಗ ದೊರೆ ಹಿಂದಿನಿಂದ ಮೆಲ್ಲಗೆ ಕೇಳಿದ. "ಬೊಂಬೆಯ ಮಾತು ಕೇಳಿದ್ದರೆ ನನ್ನ ಮಗ ಬದುಕುತ್ತಿದ್ದನೇ?"

"ಬದುಕ್ತಿದ್ರು ಬುದ್ಧಿ," ಎಂದಳು ಅವಳು. "ಆದ್ರೆ ಅಪ್ಪ ಬಾ ಅಂತ ಕರೀತಿರುವಾಗ ಯಾವ ಮಗ ಬೊಂಬೆ ಮಾತು ಕೇಳ್ತಾನೆ?"