ಬಾಯಿ ಮುಚ್ಚಿದ ಕೊಪ್ಪರಿಗೆ

“ಕೇಳ್ರಪ್ಪೋ ಕೇಳಿ! ದೊರೆ ಬಿರುಮಲ್ಲರು ಕೆರೆ ಏರಿಯ ಮೇಲೆ ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನು ಬೇಡಿದ್ದನ್ನು ಕೊಡುತ್ತಾರೆ. ತಪ್ಪಿದವನನ್ನು ಕೆರೆಗೆ ಕೊಡುತ್ತಾರೆ!”

ಡಂಗುರ ಸಾರಿದ್ದೇ ತಡ, ಆಸೆಬುರುಕರು ಏರಿ ಹತ್ತಿದರು. ದೊರೆ ದುರುಗುಟ್ಟಿ ನೋಡುತ್ತ ಕೇಳಿದ: “ಹೊಟ್ಟೆ ತುಂಬಿದ್ದರೂ ಒಳಗಿರುವಾಗ ಹಗುರ, ಹೊರಬಂದ ಕೂಡಲೇ ಭಾರ. ಏನದು?”

ಸರದಾರನ ಮಗ “ಗುಟ್ಟು” ಎಂದ. ಕಾಲಿಗೆ ಕಲ್ಲು ಕಟ್ಟಿ ನೂಕಿದರು. ಕುದುರೆ ವ್ಯಾಪಾರಿ “ಕೋಪ” ಎಂದ. ಅವನ ಕತೆಯೂ ಮುಗಿಯಿತು. ಆಮೇಲೆ ಬಾಯಿಬಡುಕ ದೊಡ್ಡೀರ ಹೊಟ್ಟೆ ಮುಂದೆ ಮಾಡಿಕೊಂಡು ನಿಂತು, “ಕೂಸು” ಎಂದು ಹಲ್ಲು ಕಿರಿದ.

ಅವನ ಕಾಲಿಗೂ ಕಲ್ಲು ಬಿಗಿಯುವಾಗ ತಮ್ಮ ಸಣ್ಣೀರ ಮುಂದೆ ನುಗ್ಗಿದ. ಅರಮನೆ ಬಾವಿಯಲ್ಲಿ ನೀರು ಸೇದುವ ಈ ಬಡಕಲನಿಗೆ ತನ್ನವನೆಂದು ಇದ್ದವನು ಆ ಅಣ್ಣನೊಬ್ಬನೇ.

“ತಡೀರಿ ಬುದ್ಧೀ, ನಾನು ಹೇಳ್ತೀನಿ.”

“ನಿನಗೂ ಕಲ್ಲು ಬೇಕೇನೋ? ಬೊಗಳು.”

“ಬಾವಿಗೆ ಬಿಟ್ಟ ಕೊಡ. ಒಳಗಿರೋವರ್ಗೂ ನೀರೇ ಅದನ್ನ ಎತ್ತಿ ಹಿಡಿಯುತ್ತೆ. ಮೇಲೆ ಬಂತೋ, ರಟ್ಟೆ ಮುರಿಯುತ್ತೆ.”

ದೊರೆ ಹಲ್ಲು ಕಡಿದ. “ಒಬ್ಬಳೇ ತಾಯಿಗೆ ಮೂರು ಮಕ್ಕಳು. ಕುತ್ತಿಗೆಯಲ್ಲಿ ಹುಟ್ಟಿದವನು ಮೆಲ್ಲಗೆ ಬರ್ತಾನೆ, ಸೊಂಟದವನು ಬಿರುಸಾಗಿ, ಪಾದದವನು ಎಲ್ಲರಿಗಿಂತ ರಭಸವಾಗಿ. ಯಾರವರು?”

“ತುಂಬಿದ ಹಂಡೆಗೆ ಬಿದ್ದ ಮೂರು ತೂತು. ಕೆಳಗಿಳಿದಷ್ಟೂ ಮೇಲಿನ ನೀರಿನ ಹೊರೆ ಜಾಸ್ತಿ, ಬುದ್ಧಿ.”

“ಒಂದೇ ಕುಲುಮೆಯಲ್ಲಿ ಹುಟ್ಟಿದ ಇಬ್ಬರು. ಬಡಕಲು ತಮ್ಮ ಮುಳುಗ್ತಾನೆ, ಡೊಳ್ಳುಹೊಟ್ಟೆ ಅಣ್ಣ ತೇಲ್ತಾನೆ.”

“ಕಬ್ಬಿಣದ ಮೊಳೆ, ಕಬ್ಬಿಣದ ಕೊಪ್ಪರಿಗೆ. ಯಾಕೆ ಅಂದ್ರೆ...”

“ಸಾಕು ಮುಚ್ಚು! ಏನು ಬೇಕೋ?”

“ನಮ್ಮಣ್ಣ.”

ದೊರೆ ನಕ್ಕ. “ಕೊಟ್ಟೆ. ಎಲ್ಲಿಂದ ತಗೋಬೇಕು ಅಂತ ಮಾತ್ರ ಡಂಗುರದಲ್ಲಿ ಹೇಳಿಲ್ಲ. ಲೋ ಭಟರಾ, ಇವನಣ್ಣನ ಕಲ್ಲು ಬಿಚ್ಚಿ ಹಬ್ಬದಡುಗೆಯ ದೊಡ್ಡ ಕೊಪ್ಪರಿಗೆಗೆ ತುಂಬಿ, ಮುಚ್ಚಳ ಬಡೀರಿ. ಅದು ತೇಲೋದು ಬಾಯಿ ತೆರೆದಿರೋದಕ್ಕೆ. ಬಾಯಿ ಮುಚ್ಚಿದರೆ ತೆಪ್ಪಗೆ ತಳ ಸೇರುತ್ತೆ. ಅಲ್ಲಿಂದ ತಗೊಂಡು ಹೋಗು!”

ದೊರೆ ತನ್ನಜ್ಜಿ ಹೇಳಿಕೊಟ್ಟ ಒಗಟನ್ನು ಉರುಹೊಡೆದಿದ್ದನೇ ಹೊರತು ಅದರ ಒಳಗುಟ್ಟು ಅವನಿಗೆ ಗೊತ್ತಿರಲಿಲ್ಲ. ಸಣ್ಣೀರ ತಲೆ ತಗ್ಗಿಸಿದ. ಅಳುತ್ತಿದ್ದಾನೆಂದು ಎಲ್ಲರೂ ತಿಳಿದರು.

“ಸಂದೆಲ್ಲ ಅರಗು ಹಾಕಿ ಮುಚ್ಚಿಸಿ ಬುದ್ಧೀ. ಮಾಡೋ ಕೆಲಸ ನೆಟ್ಟಗಾಗಲಿ.”

ದೊರೆ ಖುಷಿಯಿಂದಲೇ ಮಾಡಿಸಿದ. ಭಟರು ನೂಕಿದರು. ಕೊಪ್ಪರಿಗೆ ದಢಾರನೆ ಬಿದ್ದು, ಒಂದು ಸಲ ಅದ್ದಿ, ಮೇಲೆದ್ದು ತೊನೆಯತೊಡಗಿತು. ಜನ ಗೊಳ್ಳೆಂದರು. ಸಣ್ಣೀರ ಕೆರೆಗೆ ಹಾರಿ, ಅದನ್ನು ದಬ್ಬಿಕೊಂಡು ಆಚೆ ದಡಕ್ಕೆ ಈಜಿದ. ಆ ದಡ ಬೇರೆ ಅರಸನ ಸೀಮೆ. ಅಲ್ಲಿ ಬಿರುಮಲ್ಲನ ಆಟ ನಡೆಯುವಂತಿರಲಿಲ್ಲ.

ಕಲ್ಲಿನಿಂದ ಬಡಿದು ಮುಚ್ಚಳ ಕಿತ್ತಾಗ ದೊಡ್ಡೀರ ಬೆವರಿ ತೊಪ್ಪೆಯಾಗಿದ್ದ. “ಮುಳುಗಲಿಲ್ವೇನೋ?”

“ನೀನು, ಕಬ್ಬಿಣ, ಒಳಗಿನ ಗಾಳಿ, ಎಲ್ಲಾ ಸೇರಿದ್ರೂ ಅಷ್ಟೇ ಜಾಗ ಹಿಡಿಯೋ ನೀರಿಗಿಂತ ಹಗುರ ಕಣಣ್ಣ. ಬಾಯಿ ತೆರೆದಿದ್ರೆ ಬಿದ್ದ ರಭಸಕ್ಕೆ ನೀರು ನುಗ್ಗಿ ಮುಳುಗಿಸ್ತಿತ್ತು. ದೊರೆಯೇ ಮುಚ್ಚಿಸಿ ಉಳಿಸಿದ.”

ಬಿಟ್ಟುಬಂದ ಏರಿಯ ಕಡೆಯಿಂದ, ಜನರ ನಗುವಿನ ನಡುವೆ ದೊರೆಯ ಅರಚಾಟ ಕೇಳಿಸಿತು. ದೊಡ್ಡೀರ ಬೆಚ್ಚಿದ. “ಅದ್ಯಾರೋ ಹಾಗೆ ಕೂಗೋದು?”

ಸಣ್ಣೀರ ಅಣ್ಣನ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಮುಳುಗಿದೋನು.”