ರದ್ದಾದ ಮಂಡಳಿಯ ದೊಡ್ಡಿ

"ಗುರುಗಳೇ, ಆಡಿದವರೇ ತೀರಿಹೋದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರು?" ಎಂದು ಶಿಷ್ಯ ಶಾಂತಯ್ಯ ಕೇಳಿದ.

ಒಂದು ಬದುವಿನ ಜಗಳದಲ್ಲಿ ಅವನ ಅಣ್ಣ, "ಇನ್ನು ನನ್ನ ಹೊಸ್ತಿಲು ತುಳಿಯಬೇಡ" ಎಂದಿದ್ದ. ಆ ಅಣ್ಣ ಈಗಿಲ್ಲ. ಅತ್ತಿಗೆ ಎರಡು ಸಲ ಹೇಳಿಕಳಿಸಿದ್ದಳು. ಮಕ್ಕಳು ಚಿಕ್ಕಪ್ಪನ ದಾರಿ ಕಾಯುತ್ತಿದ್ದರು. ಎರಡು ಸಲವೂ ಶಾಂತಯ್ಯ ಓಣಿಯ ತಿರುವಿನವರೆಗೆ ಹೋಗಿ ಹಿಂತಿರುಗಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳಿದರು:

ಹಿಂದೆ ಐದು ಹಳ್ಳಿಗಳು ಸೇರಿ ಒಂದು ಮಂಡಳಿ ಮಾಡಿಕೊಂಡಿದ್ದವು. ಮೊದಲ ಸಭೆ ಹುಣಸೆಮರದ ಕೆಳಗೆ ನಡೆಯಿತು. ಮಂಡಳಿ ಬಾವಿ ತೋಡಿಸಿತು, ಗಾಡಿದಾರಿಯ ಉದ್ದಕ್ಕೂ ಹೊಂಗೆ ನೆಡಿಸಿತು. ಒಂದು ಊರಿನ ದನ ಇನ್ನೊಂದು ಊರಿನ ಪೈರಿಗೆ ನುಗ್ಗಿ ಬಡಿದಾಟ ಆಗುತ್ತಿದ್ದುದರಿಂದ, ಅಂಥ ದನಗಳನ್ನು ಹಿಡಿದು ಕೂಡಿಹಾಕಲು ಒಂದು ದೊಡ್ಡಿ ಕಟ್ಟಿಸಿತು. ಬಡಿದಾಟ ನಿಂತಿತು. ಅಧ್ಯಕ್ಷ ಅಪ್ಪಣೆ ಕೊಟ್ಟರೆ ಮಾತ್ರ ದನ ಬಿಡುವುದು ಅಲ್ಲಿನ ಪದ್ಧತಿ.

ಹೀಗಿರಲು ಮೇಲಿನಿಂದ ಆಜ್ಞೆ ಬಂತು. ಮಂಡಳಿ ರದ್ದಾಯಿತು. ಮೂರು ಹಳ್ಳಿಗಳು ಮೂಡಣ ಪಟ್ಟಣಕ್ಕೆ, ಎರಡು ಪಡುವಣ ಪಟ್ಟಣಕ್ಕೆ ಸೇರಿದವು. ನಾಮಫಲಕ ಇಳಿಸಿದರು, ಕುರ್ಚಿಗಳನ್ನು ಹಂಚಿಕೊಂಡರು. ದೊಡ್ಡಿಯ ಕಾವಲುಗಾರ ಮನೆಗೆ ಹೋದ. ಹಿಂದಿನ ದಿನವಷ್ಟೇ ಹಿಡಿದಿದ್ದ ಒಬ್ಬ ರೈತನ ಹಸು ಒಳಗೇ ಉಳಿಯಿತು.

ರೈತ ಮೂಡಣ ಪಟ್ಟಣಕ್ಕೆ ಹೋದ. "ದೊಡ್ಡಿ ನಮ್ಮದಲ್ಲ" ಎಂದರು. ಪಡುವಣ ಪಟ್ಟಣಕ್ಕೆ ಹೋದ. "ದೊಡ್ಡಿ ನಮ್ಮದೇ, ಆದರೆ ನಿನ್ನ ಹಸುವನ್ನು ಹಿಡಿದವರು ನಾವಲ್ಲ" ಎಂದರು. ರೈತ ನಿಯಮಕ್ಕೆ ಅಂಜುವವನು. ದಿನವೂ ಹುಲ್ಲು ಹೊತ್ತು, ಕರುವನ್ನು ಹಿಡಿದುಕೊಂಡು ದೊಡ್ಡಿಯ ಒಳಗೆ ಹೋಗುತ್ತಿದ್ದ. ಕರುವಿಗೆ ಹಾಲು ಕುಡಿಸಿ, ಅದನ್ನು ಎಳೆದುಕೊಂಡು ಮನೆಗೆ ಬರುತ್ತಿದ್ದ. ಹಸು ಹಿಂದಿನಿಂದ ಕೂಗುತ್ತಿತ್ತು. ಬರಬರುತ್ತ ಹಾಲು ಇಳಿಯಿತು, ಕರು ಸೊರಗಿತು.

ಒಂದು ಬೆಳಿಗ್ಗೆ ಮಂಡಳಿಯ ಹಿಂದಿನ ಅಧ್ಯಕ್ಷ ಆ ದಾರಿಯಲ್ಲಿ ಬಂದ.

"ಅಧ್ಯಕ್ಷರೇ, ಒಂದು ಅಪ್ಪಣೆ ಕೊಡಿ" ಎಂದು ರೈತ ಕೈಮುಗಿದ.

"ಎಲ್ಲಿಯ ಅಧ್ಯಕ್ಷನಪ್ಪ! ಈಗ ನಮ್ಮ ಮನೆಯ ನಾಯಿಯೂ ನನ್ನ ಅಪ್ಪಣೆ ಕೇಳುವುದಿಲ್ಲ. ಅದಿರಲಿ, ಇದನ್ನು ಯಾಕೆ ಹಿಡಿದದ್ದು?"

"ಜೋಳದ ಹೊಲಕ್ಕೆ ನುಗ್ಗಿತ್ತು."

"ಜೋಳ ಎಲ್ಲಿದೆ?"

ರೈತ ತಿರುಗಿ ನೋಡಿದ. ಕೊಯ್ಲು ಮುಗಿದು ಹೊಲ ಬರಿದಾಗಿತ್ತು. ಕೂಳೆಯಲ್ಲಿ ಐದೂ ಊರಿನ ದನಗಳು ಒಟ್ಟಿಗೆ ಮೇಯುತ್ತಿದ್ದವು.

ಅವನು ಬಾಗಿಲು ತೆಗೆದು ಪಕ್ಕಕ್ಕೆ ನಿಂತ. ಹಸು ಹೊರಗೆ ಬಂದು ಒಮ್ಮೆ ಮೈ ಕೊಡವಿತು. ಕರುವನ್ನು ಮೂಸಿತು. ಮನೆಯ ದಾರಿಯನ್ನು ಅದಕ್ಕೆ ಯಾರೂ ತೋರಿಸಬೇಕಾಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾಂತಯ್ಯ ದೀರ್ಘವಾಗಿ ಉಸಿರು ಬಿಟ್ಟ. ಬಹಳ ದಿನಗಳ ಮೇಲೆ ಅವನ ಎದೆ ಹಗುರವಾಗಿತ್ತು. ಆದರೂ ಒಂದು ಮಾತು ಉಳಿದಿತ್ತು.

"ಅಷ್ಟು ದಿನ ಆ ಬಾಗಿಲಿಗೆ ಬೀಗ ಹಾಕಿದ್ದವರು ಯಾರು ಗುರುಗಳೇ?"

"ಬೀಗ ಇರಲೇ ಇಲ್ಲ, ದಿನವೂ ಹುಲ್ಲು ಹಾಕಿ ಹೊರಗೆ ಬರುವಾಗ ಅಗಳಿ ಹಾಕುತ್ತಿದ್ದವನು ರೈತನೇ."

ಶಾಂತಯ್ಯ ಎದ್ದು ಅಣ್ಣನ ಮನೆಯ ದಾರಿ ಹಿಡಿದ.